ಕುಕ್ಕರ್ ಹಬೆ ಕೈಕೊಟ್ಟ ಮೇಲೆ

ಪೀಣ್ಯದ ನನ್ನ ಶೆಡ್‌ಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ನೀರು, ಹದಿನೈದು ಸಾವಿರ ವೋಲ್ಟು, ಎರಡನ್ನೂ ಒಂದೇ ಕಡೆ ಬಿಡ್ತೀಯಲ್ಲಪ್ಪ, ಹೆಂಡ್ತಿ ಮಕ್ಕಳು ಇಲ್ವಾ ನಿಂಗೆ?" ಪಕ್ಕದ ಲೇತ್ ಅಂಗಡಿಯ ಯಜಮಾನರಂತೂ ನಾನು ಆರ್ಕ್, ಅಂದರೆ ವಿದ್ಯುತ್ ಜ್ವಾಲೆ, ಹಚ್ಚಿದಾಗಲೆಲ್ಲ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದರು. ಕಳೆದ ದೀಪಾವಳಿಯಿಂದ ಅದೇ ಯಂತ್ರ ದಿನಕ್ಕೆ ಐದಾರು ಗಂಟೆ ಓಡುತ್ತಿದೆ. ಈಗ ತಮ್ಮ ಗಿರಾಕಿಗಳನ್ನು ಕರೆತಂದು ತೋರಿಸುವವರೂ ಅವರೇ.

ನನ್ನ ಕೆಲಸ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಮುಚ್ಚಳ, ಡಬ್ಬಿಗಳ ಮೇಲೆ ಸ್ಕ್ರೀನ್ ಪ್ರಿಂಟಿಂಗ್. ಪಿಪಿ ಮೇಲೆ ಇಂಕು ಸುಮ್ನೆ ನಿಲ್ಲಲ್ಲ. ವಿದ್ಯುತ್ ಹಾಯಿಸಿ ಪ್ಲಾಸ್ಟಿಕ್‌ಗೆ ಇಂಕು ಹಿಡಿಯುವ ಹಾಗೆ ಮಾಡುವ ಕೊರೋನಾ ಟ್ರೀಟರ್‌ಗೆ ಕೊಟೇಶನ್ ಕೇಳಿದರೆ ಎರಡೂವರೆ ಲಕ್ಷ ಅಂದರು. ಅಷ್ಟು ದುಡ್ಡಿರಲಿಲ್ಲ, ಅದೇ ಕೆಲಸಕ್ಕೆ ಗ್ಲೈಡಿಂಗ್ ಆರ್ಕ್ ಕಟ್ಟಿದೆ, ಅಂದರೆ ಎರಡು ಬ್ಲೇಡಿನ ನಡುವೆ ಹುಟ್ಟಿ ಗಾಳಿಯ ಜೊತೆ ಜಾರುವ ಆರ್ಕ್. ಎಲ್‌ಇಡಿ ಬಂದ ಮೇಲೆ ನಿಯಾನ್ ಬೋರ್ಡಿನ ಹಳೇ ಟ್ರಾನ್ಸ್‌ಫಾರ್ಮರ್‌ಗಳು ಗುಜರಿ ಸೇರಿವೆ. 15 ಕೆವಿ (ಹದಿನೈದು ಸಾವಿರ ವೋಲ್ಟು), 30 ಮಿಲಿಆಂಪ್, ಕಬ್ಬಿಣದ ಕೋರ್ ಇರುವುದು, 1,800 ರೂಪಾಯಿಗೆ ಸಿಕ್ಕಿತು. ಎರಡು ಸ್ಟೀಲ್ ಬ್ಲೇಡು, ಕಂಪ್ರೆಸರ್ ಗಾಳಿ. ಆರ್ಕ್ ಚೆನ್ನಾಗಿಯೇ ಬಂತು. ಆದರೆ ಬಿಸಿ ಜಾಸ್ತಿ. ಪಿಪಿ ಕರಗುವುದು 160 ಡಿಗ್ರಿ ಆಸುಪಾಸಿನಲ್ಲಿ, ತೆಳು ಮುಚ್ಚಳದ ಅಂಚು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತಿತ್ತು. ಗಾಳಿ ಏರಿಸಿದರೆ ಆರ್ಕೇ ಆರುತ್ತಿತ್ತು. ಗಾಳಿಯ ಜೊತೆ ಒಂದಿಷ್ಟು ನೀರು ಬಿಟ್ಟರೆ ಹೇಗೆ ಅನ್ನಿಸಿದ್ದು ಆಗ.

ಮೊದಲು ಮಾಡಿದ್ದು ಮನೆಯ ಕುಕ್ಕರ್ ಕದ್ದು ತಂದದ್ದು. ವಿಸಿಲ್ ತೆಗೆದು ಸಿಲಿಕೋನ್ ಪೈಪು ಹಾಕಿದೆ. ಹಬೆ ಪೈಪಿನಲ್ಲೇ ತಣಿದು ನೀರಾಗಿ, ಗುಟುಕು ಗುಟುಕಾಗಿ ಬ್ಲೇಡಿನ ಮೇಲೆ ಉಗುಳುತ್ತಿತ್ತು. ಪ್ರತಿ ಗುಟುಕಿಗೂ ಆರ್ಕ್ ಬಂದ್. ಪೈಪಿಗೆ ಹೀಟಿಂಗ್ ಟೇಪ್ ಸುತ್ತಿದೆ, ಇನ್ನಷ್ಟು ಕರೆಂಟು. ಒಂದು ಲೀಟರ್ ನೀರನ್ನು ಪೂರ್ತಿ ಹಬೆ ಮಾಡಲು ಸುಮಾರು 0.7 ಯೂನಿಟ್ ಬೇಕು. ಎರಡು ತಿಂಗಳು ಹೀಗೇ ಹೋಯಿತು, ಏಳೆಂಟು ಸಾವಿರ ಕೂಡ. ಕುಕ್ಕರ್ ವಾಪಸ್ ಕೊಟ್ಟೆ, ಮನೆಯವಳು ಅದರಲ್ಲಿ ಮತ್ತೆ ಬೇಳೆ ಇಡಲಿಲ್ಲ.

ಆಮೇಲೆ ಎಸ್‌ಪಿ ರೋಡಿನಲ್ಲಿ ಕೊಳದ ಕಾರಂಜಿಗೆ ಹಾಕುವ ಮಂಜಿನ ಯಂತ್ರ ಕಣ್ಣಿಗೆ ಬಿತ್ತು. 24 ವೋಲ್ಟು, 1.7 ಮೆಗಾಹರ್ಟ್ಸ್, ಒಳಗೆ ನಡುಗಿ ನೀರನ್ನು ಮಂಜು ಮಾಡುವ, ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಬಿಲ್ಲೆ. 450 ರೂಪಾಯಿ. ಇದೇನು ಹೊಸ ಹುಚ್ಚಲ್ಲ, ವುಡ್ ಮತ್ತು ಲೂಮಿಸ್ 1927ರಲ್ಲೇ ಅಲ್ಟ್ರಾಸೌಂಡಿನಿಂದ ಮಂಜು ಎಬ್ಬಿಸಿದ್ದರು. 25 ವಾಟ್‌ಗೆ ಗಂಟೆಗೆ ಮುನ್ನೂರು ಚಿಲ್ಲರೆ ಮಿಲಿ. ಕುದಿಸುವ ಖರ್ಚಿನ ಹತ್ತನೇ ಒಂದು ಪಾಲು. ಹಾಗಂತ ಇದು ಪುಕ್ಕಟೆ ಅಲ್ಲ. ಬರುವುದು ಆವಿಯಲ್ಲ, ಮೂರು ನಾಲ್ಕು ಮೈಕ್ರಾನಿನ ಹನಿ. ಅದನ್ನು ಆವಿ ಮಾಡುವ ಖರ್ಚು ಆರ್ಕ್ ಹೊರಬೇಕು. ಜ್ವಾಲೆ ತಣ್ಣಗಾಗುವುದೂ ಅದರಿಂದಲೇ.

ಬೋರ್‌ವೆಲ್ ನೀರು ಹಾಕಿದೆ. ಎರಡು ದಿನಕ್ಕೆ ಬ್ಲೇಡಿನ ಮೇಲೆಲ್ಲ ಬಿಳಿ ಪುಡಿ. ಸರಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಮಂಜಿನ ಯಂತ್ರ ಶುರುವಾಗಲೇ ಇಲ್ಲ! ಕೆಟ್ಟ ಮಾಲು ಕೊಟ್ಟಿದ್ದೀರಿ ಅಂತ ಅಂಗಡಿಯವನ ಜೊತೆ ಜಗಳ ಆಡಿ ಇನ್ನೊಂದು ತಂದೆ, ಅದೂ ಹಾಗೇ. ರಾತ್ರಿ ಹೊಳೆಯಿತು. ನೀರಿದೆಯೋ ಇಲ್ಲವೋ ಅಂತ ನೋಡುವ ಸಣ್ಣ ಪಿನ್ನು ನೀರಿನಲ್ಲಿ ಕರೆಂಟು ಹರಿಯುವುದನ್ನು ಹುಡುಕುತ್ತದೆ. ಡಿಸ್ಟಿಲ್ಡ್ ನೀರು ಅದರ ಲೆಕ್ಕಕ್ಕೆ ನೀರೇ ಅಲ್ಲ. ಚಿಟಿಕೆ ಉಪ್ಪು ಹಾಕಿದ ಕೂಡಲೇ ಬುಸ್ಸೆಂದು ಮಂಜು ಬಂತು. ಆರ್ಕಿಗೆ ಬಿಟ್ಟರೆ ಹಳೇ ಸೋಡಿಯಂ ಬೀದಿ ದೀಪದ ಬಣ್ಣ. ಮೈಲುತುತ್ತ ಹಾಕಿದರೆ ಹಸಿರು. ಒಂದು ಸಂಜೆ ಪೂರ್ತಿ ಇದೇ ಆಟ, ಲೇತ್ ಹುಡುಗರೆಲ್ಲ ಮೊಬೈಲ್ ಹಿಡಿದು ನಿಂತಿದ್ದರು. ಮರುದಿನ ಬ್ಲೇಡು ಉಜ್ಜಿ ಉಜ್ಜಿ ಕೈ ನೋವು.

ಉಪ್ಪಿನ ಗೋಜೇ ಬೇಡ ಅಂತ, ಯಾವಾಗಲೂ ನೀರಿದೆ ಅಂತ ತೋರುವ ಹಾಗೆ ಪಿನ್ನನ್ನೇ ಶಾರ್ಟ್ ಮಾಡಿ ಟೀ ಕುಡಿಯಲು ಹೋದೆ. ಬರುವಷ್ಟರಲ್ಲಿ ನೀರು ಖಾಲಿ, ಬಿಲ್ಲೆ ಸುಟ್ಟು ಕರಕಲು. ಈಗ ನೀರಿನ ಸಂಪಿಗೆ ಹಾಕುವಂಥದ್ದೇ ಸಣ್ಣ ಫ್ಲೋಟ್ ಸ್ವಿಚ್ ಇದೆ. ನೀರು ಬಿಲ್ಲೆಯ ಮೇಲೆ ಎರಡು ಬೆರಳು ಇರಬೇಕು. ಅರ್ಧ ಗಂಟೆಯಲ್ಲಿ ಆ ನೀರೂ ಬಿಸಿಯಾಗುತ್ತದೆ, ಡಬ್ಬಿಯನ್ನು ತಣ್ಣೀರ ಬಕೆಟ್ಟಿನಲ್ಲಿ ಇಟ್ಟಿದ್ದೇನೆ.

ದುಡ್ಡು ತಿಂದದ್ದು ಮಾತ್ರ ಬಿಲ್ಲೆಯಲ್ಲ, ಅದನ್ನು ನಡೆಸುವ ಡ್ರೈವರ್ ಬೋರ್ಡು. ಮಂಜು ಸಾಗಿಸುವ ಪೈಪಿನ ಒಳಗೋಡೆ ಒದ್ದೆಯಾದರೆ ಆರ್ಕಿನ ಕೆವಿ ಅದರ ಮೇಲೇ ಹರಿದು ಮಂಜಿನ ಡಬ್ಬಿಗೆ ಬರುತ್ತದೆ. ನಾಲ್ಕು ಬೋರ್ಡು ಸತ್ತವು, ಒಂದು ಸಲ ನನಗೂ ಚಟ್ ಅಂತ ಬಡಿಯಿತು. ಯಜಮಾನರು ಹೇಳಿದ್ದರಲ್ಲಿ ಅರ್ಥ ಇತ್ತು ಅಂತ ಅವರಿಗೆ ಇವತ್ತಿಗೂ ಹೇಳಿಲ್ಲ. ಡಬ್ಬಿಗೂ ಬ್ಲೇಡಿಗೂ ಒಂದು ಮೀಟರ್ ಅಂತರ, ನಡುವೆ ಹನಿ ಇಳಿಯಲು ಪಿವಿಸಿ ಬೆಂಡು, ಡಬ್ಬಿಗೆ ಬೇರೆಯದೇ ಅರ್ತು. ಬೆಂಡಿನ ಒಳಗೆ ಇನ್ನೊಂದು ಸಂಗತಿ ಇದೆ. ಅದನ್ನು ಹೇಳಲ್ಲ, ಅದಕ್ಕೇ ನನಗೆ ಒಂದು ತಿಂಗಳು ಹಿಡಿದಿದೆ.

ಮಂಜು ಜಾಸ್ತಿ ಇದ್ದರೆ ಒಳ್ಳೇದು ಅಂತ ಮೂರು ಬಿಲ್ಲೆ ಹಾಕಿದ್ದೆ, ಆರ್ಕ್ ಕೆಮ್ಮಿ ಕೆಮ್ಮಿ ಆರುತ್ತಿತ್ತು. ಈಗ ಒಂದೇ ಬಿಲ್ಲೆ, ಅದರದ್ದೂ ಮೂರನೇ ಒಂದು ಪಾಲು, ಗಂಟೆಗೆ ನೂರು ಮಿಲಿ ಇರಬಹುದು. ಅಂಚು ಸುರುಟುವುದು ನಿಂತಿತು. ಮುಚ್ಚಳದ ಮೇಲೆ ನೀರಿನ ಹನಿ ಮುತ್ತಿನ ಹಾಗೆ ನಿಲ್ಲುತ್ತಿದ್ದದ್ದು ಈಗ ಹರಡಿ ಕೂರುತ್ತದೆ. ಪ್ರಿಂಟ್ ಮಾಡಿ ಟೇಪ್ ಅಂಟಿಸಿ ಕಿತ್ತರೂ ಅಕ್ಷರ ಬರಲ್ಲ. ಮೊದಲು ನೂರಕ್ಕೆ ಮೂವತ್ತು ರಿಜೆಕ್ಟ್ ಇತ್ತು, ಈಗ ಎರಡೋ ಮೂರೋ.

ಬೆಂಡಿನಲ್ಲಿ ಇಳಿದ ನೀರಲ್ಲ, ಆರ್ಕ್ ದಾಟಿ ಬಂದ ನೀರನ್ನು ಒಮ್ಮೆ ಹಿಡಿದೆ. ಪಿಎಚ್ ಕಾಗದ ಕೆಂಪಾಯಿತು, ಮೂರರ ಹತ್ತಿರ. ಗಾಳಿಯ ನೈಟ್ರೋಜನ್ ಆಮ್ಲವಾಗಿ ಅದರಲ್ಲಿ ಸೇರುತ್ತದೆ. ಕರಿಬೇವಿನ ಕುಂಡಕ್ಕೆ ಹಾಕಿದೆ, ಸಾಯಲಿಲ್ಲ, ಹೆಚ್ಚು ಚಿಗುರಲೂ ಇಲ್ಲ. ಆ ಆಮ್ಲ ಹುಟ್ಟಿಸುವ ಅನಿಲ ನಿಮ್ಮ ಎದೆಗೂ ಹೋಗುತ್ತದೆ, ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಹಚ್ಚಬೇಡಿ.

ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಆಗಿರಬಹುದು, ಸುಟ್ಟದ್ದೂ ಸೇರಿ. ಬಿಲ್ಲೆ ಎರಡು ಮೂರು ತಿಂಗಳಿಗೆ ಸೋಲುತ್ತದೆ, ಒಂದು ಡಜನ್ ತಂದು ಪಿಪಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಡಬ್ಬಿಯ ಮೇಲಿನ ಪ್ರಿಂಟು ನಮ್ಮದೇ.