ಮಂಡಲದ್ದಲ್ಲದ ಆಂದೋಲನ, ದ್ರವದ್ದಲ್ಲದ ಸ್ನಿಗ್ಧತೆ

ಅರೇಖೀಯ ವರ್ತನೆಯನ್ನು, ಅಂದರೆ ಕಾರಣಕ್ಕೆ ತಕ್ಕ ಪ್ರಮಾಣದಲ್ಲೇ ಪರಿಣಾಮ ಬಾರದ ವರ್ತನೆಯನ್ನು, ಕಂಪ್ಯೂಟರಿನಲ್ಲಿ ಅನುಕರಿಸಲು ನಾನು ಮೊದಲು ಆರಿಸಿಕೊಂಡದ್ದು ವಿದ್ಯುತ್ ಎಂಜಿನಿಯರ್ ಲಿಯಾನ್ ಚುವಾ ಅವರು 1983ರಲ್ಲಿ ರೂಪಿಸಿದ ವಿದ್ಯುನ್ಮಂಡಲವನ್ನು. ಎರಡು ಕೆಪಾಸಿಟರ್, ಒಂದು ಇಂಡಕ್ಟರ್, ಒಂದು ರೆಸಿಸ್ಟರ್ ಮತ್ತು ಒಂದು ಅರೇಖೀಯ ಘಟಕ. ಇಷ್ಟಕ್ಕೆ ಮೂರೇ ಸಮೀಕರಣಗಳು, ಅವುಗಳಲ್ಲಿ ಘಟಕಗಳ ಬೆಲೆಗಳಿಂದ ಬರುವ ಆಲ್ಫಾ, ಬೀಟಾ ಎಂಬ ಎರಡು ಸಂಖ್ಯೆಗಳು. ಆಲ್ಫಾ 15.6 ಇಟ್ಟು, ಅರೇಖೀಯ ಘಟಕದ ವೋಲ್ಟೇಜ್-ಪ್ರವಾಹ ರೇಖೆಯ ಇಳಿಜಾರನ್ನು ಒಳಗೆ (ಕಡಿಮೆ ವೋಲ್ಟೇಜಿನಲ್ಲಿ) −8/7, ಹೊರಗೆ (ಹೆಚ್ಚು ವೋಲ್ಟೇಜಿನಲ್ಲಿ) −5/7 ಎಂದು ಇಟ್ಟರೆ, ಬೀಟಾ 50 ಇದ್ದಾಗ ಮಂಡಲದ ಸ್ಥಿತಿ ಸಾಗುವ ಪಥವು ಒಂದೇ ಸುತ್ತಿನಲ್ಲಿ ಮುಚ್ಚಿಕೊಳ್ಳಬೇಕು, 35ರಲ್ಲಿ ಎರಡು ಸುತ್ತು ತೆಗೆದುಕೊಳ್ಳಬೇಕು, 28ರಲ್ಲಿ ಎಂದೂ ಮುಚ್ಚಿಕೊಳ್ಳದ ಜೋಡಿ ಸುರುಳಿ ಕಾಣಬೇಕು.

ಬರೆಯುವುದು ಸುಲಭವೆಂದು, ಈ ಕ್ಷಣದ ಬದಲಾವಣೆಯ ದರದಲ್ಲೇ ಮುಂದಿನ ಹಂತಕ್ಕೆ ನೇರ ಜಿಗಿಯುವ ಆಯ್ಲರ್ ವಿಧಾನವನ್ನೇ ಹಿಡಿದು, ಕಾಲದ ಹಂತವನ್ನು 0.05 ಎಂದಿಟ್ಟೆ. ಬೀಟಾ 50ರಲ್ಲಿಯೇ ಪಥವು ಮುಚ್ಚಿಕೊಳ್ಳದೆ ಸುತ್ತುತ್ತ ಸುತ್ತುತ್ತ ಹಿಗ್ಗಿ, ಕೊನೆಗೆ ಸಂಖ್ಯೆಗಳು ಅಳತೆ ಮೀರಿದವು. ಸಮೀಕರಣದ ಚಿಹ್ನೆಯಲ್ಲಿ ತಪ್ಪಿರಬೇಕೆಂದು ಒಂದು ಸಂಜೆಯನ್ನೇ ಕಳೆದೆ, ಚಿಹ್ನೆಗಳೆಲ್ಲ ಸರಿಯಾಗಿದ್ದವು. ಆಮೇಲೆ ಇಳಿಜಾರು −5/7 ಇರುವ ಹೊರಭಾಗದ ಐಗನ್ ಮೌಲ್ಯಗಳನ್ನು (ಆಂದೋಲನ ಎಷ್ಟು ಬೇಗ ಸುತ್ತುತ್ತದೆ, ಎಷ್ಟು ಬೇಗ ಬೆಳೆಯುತ್ತದೆ ಎಂದು ಹೇಳುವ ಸಂಖ್ಯೆಗಳನ್ನು) ಕೈಯಲ್ಲೇ ಲೆಕ್ಕಹಾಕಿದಾಗ ಆಂದೋಲನದ ಕೋನ ಆವರ್ತನ ಸುಮಾರು 6.3, ಅದರ ಸಹಜ ಬೆಳವಣಿಗೆಯ ದರ ಬರೀ 0.08 ಎಂದು ತಿಳಿಯಿತು. ಆಯ್ಲರ್ ವಿಧಾನವಾದರೋ ಇದೇ ಆವರ್ತನಕ್ಕೆ ಪ್ರತಿ ಹಂತದಲ್ಲಿ ಶೇಕಡಾ 5ರಷ್ಟು, ಅಂದರೆ ಹೆಚ್ಚುಕಡಿಮೆ 1ರ ದರದಲ್ಲಿ, ತಾನಾಗಿಯೇ ಬೆಳವಣಿಗೆಯನ್ನು ಸೇರಿಸುತ್ತಿತ್ತು. ಪರದೆಯ ಮೇಲೆ ನಾನು ನೋಡುತ್ತಿದ್ದುದು ಮಂಡಲವನ್ನಲ್ಲ, ವಿಧಾನವನ್ನು. ಪ್ರತಿ ಹಂತದಲ್ಲೂ ದರವನ್ನು ನಾಲ್ಕು ಬಾರಿ ಲೆಕ್ಕಹಾಕಿ ಸರಾಸರಿ ತೆಗೆಯುವ ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನಕ್ಕೆ ಬದಲಾಯಿಸಿ ಹಂತವನ್ನು 0.01ಕ್ಕೆ ಇಳಿಸಿದ ಮೇಲೆಯೇ ಪಥ ಮುಚ್ಚಿಕೊಂಡದ್ದು.

ದ್ರವದ ಹರಿವಿಗೆ ಬಂದಾಗ ಇದೇ ದೋಷ ತಿರುಗುಮುರುಗಾಗಿ ಎದುರಾಯಿತು. ಹರಿವಿನ ಸರಳ ಮಾದರಿಯಾದ ಬರ್ಗರ್ಸ್ ಸಮೀಕರಣದಲ್ಲಿ ವೇಗ 1, ಸ್ನಿಗ್ಧತೆ 0.001, ಏಕಮಾನ ಉದ್ದಕ್ಕೆ 100 ಕೋಶಗಳು ಎಂದು ಇಟ್ಟುಕೊಂಡಿದ್ದೆ. ಎರಡೂ ಪಕ್ಕದ ಕೋಶಗಳನ್ನು ನೋಡಿ ಇಳಿಜಾರನ್ನು ಅಂದಾಜಿಸುವ ಕೇಂದ್ರ ವ್ಯತ್ಯಾಸದ ಸೂತ್ರದಿಂದ ಕಡಿದಾದ ಅಲೆಯ ಅಂಚಿನಲ್ಲಿ ಗರಗಸದ ಹಲ್ಲುಗಳಂತಹ ಏರಿಳಿತ ಹುಟ್ಟಿತು. ಹರಿವು ಬರುವ ದಿಕ್ಕಿನ ಕೋಶವನ್ನು ಮಾತ್ರ ನೋಡುವ ಅಪ್‌ವಿಂಡ್ ಸೂತ್ರ ಹಾಕಿದೊಡನೆ ಚಿತ್ರ ನುಣುಪಾಯಿತು, ನನಗೂ ಸಮಾಧಾನವಾಯಿತು. ಆ ಸಮಾಧಾನವೇ ಮೋಸ. ಕಾಲದ ಹಂತ ತೀರ ಚಿಕ್ಕದಿದ್ದಾಗ ಈ ಸೂತ್ರವು ವೇಗ ಮತ್ತು ಕೋಶದ ಅಗಲಗಳ ಗುಣಲಬ್ಧದ ಅರ್ಧದಷ್ಟು, ಇಲ್ಲಿ 0.005ರಷ್ಟು, ಸ್ನಿಗ್ಧತೆಯನ್ನು ತಾನೇ ಬೆರೆಸುತ್ತದೆ. ಅದು ದ್ರವದ ನಿಜವಾದ ಸ್ನಿಗ್ಧತೆಯ ಐದು ಪಟ್ಟು. ಹಲ್ಲುಗಳು ಕನಿಷ್ಠಪಕ್ಷ ಕೋಶಗಳ ಗ್ರಿಡ್ ಸಾಲದೆಂದು ಕೂಗಿ ಹೇಳುತ್ತಿದ್ದವು. ಕೊನೆಗೆ ಕೇಂದ್ರ ವ್ಯತ್ಯಾಸಕ್ಕೇ ಮರಳಿ, ಕೋಶದ ಅಗಲಕ್ಕೆ ಹೊಂದಿದ ರೆನಾಲ್ಡ್ಸ್ ಸಂಖ್ಯೆ (ವೇಗ ಮತ್ತು ಕೋಶದ ಅಗಲಗಳ ಗುಣಲಬ್ಧವನ್ನು ಸ್ನಿಗ್ಧತೆಯಿಂದ ಭಾಗಿಸಿದ್ದು) ಹಲ್ಲುಗಳು ಹುಟ್ಟದ ಮಿತಿಯಾದ 2ಕ್ಕೆ ಇಳಿಯುವಂತೆ ಕೋಶಗಳನ್ನು 500ಕ್ಕೆ ಏರಿಸಿದೆ.

ಈಗ ಹಂತವನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಓಡಿಸದೆ ಯಾವ ಚಿತ್ರವನ್ನೂ ನಂಬುವುದಿಲ್ಲ. ಬೀಟಾ 28ರಲ್ಲಿ ಮಾತ್ರ ಈ ಪರೀಕ್ಷೆಯನ್ನು ಬೇರೆ ರೀತಿ ಓದಬೇಕಾಗುತ್ತದೆ: ಅಲ್ಲಿ ಎರಡು ಓಟಗಳ ಪಥಗಳು ಸ್ವಲ್ಪ ಕಾಲ ಜೊತೆಗೆ ಸಾಗಿ ಆಮೇಲೆ ಬೇರೆಯಾಗುವುದು, ಅತಿ ಚಿಕ್ಕ ವ್ಯತ್ಯಾಸವನ್ನೂ ಬೇಗ ಹಿಗ್ಗಿಸುವ ಮಂಡಲದ್ದೇ ಸ್ವಭಾವವಾದ್ದರಿಂದ, ಪಥಗಳನ್ನು ಬಿಟ್ಟು, ಎರಡೂ ಸುರುಳಿಗಳಲ್ಲಿ ಕಳೆದ ಕಾಲದ ಹಂಚಿಕೆಯನ್ನು ಹೋಲಿಸುತ್ತೇನೆ.