ಟೇಕ್ವಾಂಡೊ: ಒದೆಯುವ ಮುನ್ನ ನಿಂತ ಕಾಲನ್ನು ತಿರುಗಿಸಿ

ಟೇಕ್ವಾಂಡೊ ಟೂರ್ನಿಗೆ ಹೋದಾಗಲೆಲ್ಲ ಇದನ್ನು ನೋಡುತ್ತೇನೆ. ಮಗು ಜೋರಾಗಿ ಒದೆಯುತ್ತದೆ, ಸದ್ದೂ ಬರುತ್ತದೆ. ಸ್ಕೋರ್‌ಬೋರ್ಡ್ ಮಾತ್ರ ಕದಲುವುದಿಲ್ಲ. ಸೆನ್ಸರ್ ಕೆಟ್ಟಿದೆ ಅಂತ ಅಪ್ಪ, ಅಮ್ಮ ಗೊಣಗುತ್ತಾರೆ. ಬಹಳ ಸಲ ತಪ್ಪು ಇರುವುದು ನೆಲದ ಮೇಲಿರುವ ಕಾಲಲ್ಲಿ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಎದೆಕವಚಕ್ಕೆ ಗುದ್ದಿದರೆ 1 ಅಂಕ, ಒದ್ದರೆ 2, ತಲೆಗೆ ಒದ್ದರೆ 3. ಗೆರೆ ದಾಟಿದರೆ, ಬಿದ್ದರೆ, ಸೊಂಟದ ಕೆಳಗೆ ಒದ್ದರೆ ‘ಗಾಮ್‌ಜಮ್’, ಅಂದರೆ ಎದುರಾಳಿಗೆ 1 ಅಂಕ.

ಈ ಆಟ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾದಾಗ ಜಡ್ಜ್‌ಗಳು ಕಣ್ಣಲ್ಲಿ ನೋಡಿ ಬಟನ್ ಒತ್ತುತ್ತಿದ್ದರು. 2012ರ ಲಂಡನ್‌ನಲ್ಲಿ ಒಲಿಂಪಿಕ್ಸ್‌ಗೂ ಸೆನ್ಸರ್ ಕವಚ ಬಂತು. ಸೆನ್ಸರ್ ಇರುವ ಕಾಲುಚೀಲ ಕವಚಕ್ಕೆ ಸರಿಯಾಗಿ, ಸಾಕಷ್ಟು ಬಲದಿಂದ ತಾಗಿದರೆ ಮಾತ್ರ ಒದೆತಕ್ಕೆ ಅಂಕ. ಮೊಣಕಾಲಿನ ಕೆಳಗಿನ ಮೂಳೆ ತಾಗಿ ಎಷ್ಟೇ ಸದ್ದು ಬಂದರೂ ಪ್ರಯೋಜನವಿಲ್ಲ.

ಈಗ ‘ದೊಲ್ಯೊ ಚಾಗಿ’. ಸ್ಪರ್ಧೆಯಲ್ಲಿ ಅತಿ ಹೆಚ್ಚು ಬಳಸುವ ಸುತ್ತು ಒದೆತ ಇದು. ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ನಿಲ್ಲಿ. ಬಲ ಮಂಡಿಯನ್ನು ಮಡಚಿ ನೇರ ಮುಂದಕ್ಕೆ ಎತ್ತಿ. ಪಕ್ಕದಿಂದ ಬೀಸಬೇಡಿ, ಎದುರಾಳಿಗೆ ಮೊದಲೇ ಗೊತ್ತಾಗುತ್ತದೆ. ಮಂಡಿ ಮೇಲೆ ಬರುತ್ತಿದ್ದ ಹಾಗೆ ಎಡ ಹಿಮ್ಮಡಿಯನ್ನು ಸ್ವಲ್ಪ ಎತ್ತಿ, ಅಂಗಾಲಿನ ಮುಂಭಾಗದ ಮೇಲೆ ತಿರುಗಿ. ತಿರುಗಿದ ಮೇಲೆ ಹಿಮ್ಮಡಿ ಎದುರಾಳಿಯ ಕಡೆ ಇರಬೇಕು, ಬೆರಳು ಹಿಂದಕ್ಕೆ. ಆಗ ಸೊಂಟ ತಾನಾಗಿ ಹೊರಳುತ್ತದೆ. ಆಮೇಲೆ ಕಾಲು ಬಿಡಿಸಿ ಪಾದದ ಮೇಲ್ಭಾಗದಿಂದ ಹೊಡೆದು, ಅಷ್ಟೇ ಬೇಗ ಮಡಚಿಕೊಳ್ಳಿ.

ನಿಂತ ಕಾಲು ತಿರುಗದಿದ್ದರೆ ಸೊಂಟ ಅರ್ಧಕ್ಕೇ ನಿಲ್ಲುತ್ತದೆ. ಪಾದ ಓರೆಯಾಗಿ ಜಾರಿ ಹೋಗುತ್ತದೆ. ಆ ತಿರುವಿನ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಹನ್ನೆರಡು ವರ್ಷದ ಮಕ್ಕಳು ಮಂಡಿಗೆ ಪಟ್ಟಿ ಕಟ್ಟಿಕೊಂಡು ಬರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮನೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೋಡೆ ಹಿಡಿದು ಮಂಡಿ ಎತ್ತಿ, ಹಿಮ್ಮಡಿ ತಿರುಗಿಸಿ, ನಿಲ್ಲಿ. ಒದೆಯಬೇಡಿ. ಹಿಮ್ಮಡಿ ಗೆರೆಯ ಮೇಲೆ ಬಂತಾ ನೋಡಿ. ಒಂದೊಂದು ಕಾಲಿಗೆ 20 ಸಲ ಸಾಕು. ಮೊದಲ ತಿಂಗಳು ವೇಗ ಬೇಡವೇ ಬೇಡ. ಜೋಡಿಸುವ ಅಗ್ಗದ ಮೆತ್ತನೆ ಮ್ಯಾಟ್ ಮೇಲೂ ಇದನ್ನು ಮಾಡಬೇಡಿ, ಪಾದ ಹೂತು ಸಿಕ್ಕಿಕೊಳ್ಳುತ್ತದೆ. ಹತ್ತೇ ದಿನಕ್ಕೆ ಕಾಲು ನೆಲಕ್ಕೆ ಚಾಚಿಸುತ್ತೇವೆ ಅನ್ನುವ ವಿಡಿಯೊಗಳನ್ನು ನಂಬಿ ಮಕ್ಕಳ ತೊಡೆ ಒತ್ತಲೂ ಬೇಡಿ.

ಹಲ್ಲಿನ ಗಾರ್ಡ್ ಬಿಸಿನೀರಲ್ಲಿ ಅದ್ದಿ, ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದನ್ನೇ ಕೊಳ್ಳಿ. ಸುಮ್ನೆ ಬಾಯಲ್ಲಿಡುವ ಅಗ್ಗದ್ದು ಉಸಿರು ಕಟ್ಟಿಸುತ್ತದೆ.

ತೂಕದ ವಿಭಾಗ ಕಡಿಮೆ ಮಾಡಿಕೊಳ್ಳಲು ಮಕ್ಕಳನ್ನು ಉಪವಾಸ ಕೆಡವುವುದನ್ನು ನಾನು ಒಪ್ಪುವುದೇ ಇಲ್ಲ. ಇರುವ ತೂಕದಲ್ಲೇ ಆಡಿಸಿ.

ಸ್ಪರ್ಧೆಯ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಸೆನ್ಸರ್ ಕಾಲುಚೀಲ ಸುಕ್ಕಿಲ್ಲದೆ, ಹಿಮ್ಮಡಿ ಸರಿಯಾಗಿ ಕೂರುವ ಹಾಗೆ ಹಾಕಿ. ಆಟಕ್ಕೆ ಮುಂಚೆ ಕವಚ ತಟ್ಟಿ ಪರೀಕ್ಷೆ ಮಾಡುವಾಗ ಅಂಕ ತೋರಿಸದಿದ್ದರೆ ಕೋಚ್‌ಗೆ ಆಗಲೇ ಹೇಳಿಬಿಡಿ. ರೆಫರಿ ‘ಶಿಜಾಕ್’ (ಶುರು ಮಾಡಿ) ಅಂದ ಮೇಲೆ ನೆನಪಾದರೆ ಆ ಸುತ್ತು ಕೈತಪ್ಪಿರುತ್ತದೆ.