ವೇಳಾಪಟ್ಟಿಯಲ್ಲಿ ಸಿಬ್ಬಂದಿಯ ಹೊರೆಯನ್ನು ನಾನು ಸರಿದೂಗಿಸುವ ಬಗೆ

1950ರ ದಶಕದ ಕೊನೆಯಲ್ಲಿ ರೂಪುಗೊಂಡ ಕ್ರಿಟಿಕಲ್ ಪಾತ್ ವಿಧಾನವು ಯಾವ ಕೆಲಸ ಮುಗಿದ ಮೇಲೆ ಯಾವುದು ಆರಂಭವಾಗಬೇಕೆಂದು ಲೆಕ್ಕ ಹಾಕುತ್ತದೆಯೇ ಹೊರತು, ಅವನ್ನು ಮಾಡಲು ಎಷ್ಟು ಜನರಿದ್ದಾರೆಂದು ಮೂಲತಃ ಕೇಳುವುದಿಲ್ಲ. ಆದ್ದರಿಂದ ಗ್ಯಾಂಟ್ ಚಾರ್ಟ್ (ಕೆಲಸಗಳನ್ನು ದಿನಾಂಕಗಳ ಉದ್ದಕ್ಕೂ ಅಡ್ಡಪಟ್ಟಿಗಳಾಗಿ ತೋರಿಸುವ ವೇಳಾಪಟ್ಟಿ) ಸಿದ್ಧವಾದ ಮೇಲೂ ನಾನು ಅದನ್ನು ತಂಡಕ್ಕೆ ಕಳುಹಿಸದೆ, ಮೊದಲು ಪ್ರತಿಯೊಬ್ಬರಿಗೆ ಬಿದ್ದಿರುವ ಗಂಟೆಗಳನ್ನು ವಾರವಾರಕ್ಕೆ ಕೂಡಿಸಿ ನೋಡುತ್ತೇನೆ. ಕಚೇರಿಯ ದಿನ 8 ಗಂಟೆಯದಾದರೂ ಸಭೆ, ಪತ್ರವ್ಯವಹಾರ, ಸಹೋದ್ಯೋಗಿಗಳ ಪ್ರಶ್ನೆಗಳಿಗೆ ಸಮಯ ಹೋಗುವುದರಿಂದ, ಯೋಜನೆಯ ಕೆಲಸಕ್ಕೆ ದಿನಕ್ಕೆ 6, ಅಂದರೆ ವಾರಕ್ಕೆ 30 ಗಂಟೆಗಳನ್ನಷ್ಟೇ ಹಿಡಿಯುತ್ತೇನೆ.

ಒಬ್ಬರ ಪಾಲಿಗೆ ಒಂದೇ ವಾರದಲ್ಲಿ 25 ಗಂಟೆಗಳ ದತ್ತಾಂಶ ವರ್ಗಾವಣೆಯೂ 20 ಗಂಟೆಗಳ ಕೈಪಿಡಿ ಬರವಣಿಗೆಯೂ ಬಂದಿವೆ ಎಂದುಕೊಳ್ಳಿ. ವರ್ಗಾವಣೆಯು, ತಡವಾದರೆ ಇಡೀ ಯೋಜನೆಯೇ ತಡವಾಗುವ ಕೆಲಸಗಳ ಸರಣಿಯಾದ ಕ್ರಿಟಿಕಲ್ ಪಾತ್‌ನಲ್ಲಿದ್ದು, ಕೈಪಿಡಿಗೆ 7 ಕೆಲಸದ ದಿನಗಳ ಫ್ಲೋಟ್ (ಯೋಜನೆಯ ಕೊನೆಯ ದಿನಾಂಕ ಕೆಡದಂತೆ ಕೆಲಸ ತಡವಾಗಬಹುದಾದ ಬಿಡುವು) ಇದ್ದರೆ, ನಾನು ಕೈಪಿಡಿಯನ್ನು 5 ಕೆಲಸದ ದಿನಗಳಷ್ಟು ಮುಂದಕ್ಕೆ ಸರಿಸುತ್ತೇನೆ. ಕೊನೆಯ ದಿನಾಂಕ ಬದಲಾಗುವುದಿಲ್ಲ. ಆದರೆ ಉಳಿದಿರುವುದು 2 ದಿನಗಳ ಫ್ಲೋಟ್ ಮಾತ್ರ, ಮತ್ತು ಒಂದೇ ಸರಣಿಯ ಕೆಲಸಗಳೆಲ್ಲ ಆ ಫ್ಲೋಟನ್ನು ಹಂಚಿಕೊಳ್ಳುವುದರಿಂದ, ಕೈಪಿಡಿಯನ್ನು ಪರಿಶೀಲಿಸುವವರ ಬಿಡುವೂ ಅಷ್ಟೇ ಕುಗ್ಗಿರುತ್ತದೆ. ಇದನ್ನು ಅವರಿಗೆ ಆಗಲೇ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ತಂತ್ರಾಂಶಗಳಲ್ಲಿರುವ ಸ್ವಯಂಚಾಲಿತ ಲೆವೆಲಿಂಗ್ ಅನ್ನು, ಅಂದರೆ ಹೊರೆಯನ್ನು ತಾನೇ ಸರಿದೂಗಿಸುವ ಸೌಲಭ್ಯವನ್ನು, ನಾನು ಸಲಹೆಯಾಗಿ ಮಾತ್ರ ಬಳಸುತ್ತೇನೆ, ಏಕೆಂದರೆ ಎರಡು ಕೆಲಸಗಳ ನಡುವೆ ಮನಸ್ಸನ್ನು ಹೊರಳಿಸುವ ಶ್ರಮ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ದಿನಕ್ಕೆ ಎರಡೆರಡು ಗಂಟೆಗಳಂತೆ ಮೂರು ಕೆಲಸಗಳನ್ನು ಹಂಚಿದ ಪಟ್ಟಿ ಅಂಕಿಗಳಲ್ಲಿ ಸರಿಯಾಗಿಯೇ ಕಾಣುತ್ತದೆ, ಮಾಡುವವರಿಗೆ ಮಾತ್ರ ಅದು ಹಿಂಸೆ.

ಹೆಚ್ಚು ತಿಳಿದವರ ಮೇಲೆಯೇ ಹೊರೆ ಬೀಳುವುದು ಎಲ್ಲಕ್ಕಿಂತ ಕಠಿಣವಾದ ಸಮಸ್ಯೆ. ಅವರ ಕೆಲಸವನ್ನು ಹೊಸಬರಿಗೆ ವಹಿಸುವಾಗ ಕಲಿಸುವ ಗಂಟೆಗಳನ್ನು ಇಬ್ಬರ ಲೆಕ್ಕದಲ್ಲಿಯೂ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ಹೊರೆ ಇಳಿದಂತೆ ಕಂಡರೂ ನಿಜವಾಗಿ ಇಳಿದಿರುವುದಿಲ್ಲ.

ಫ್ಲೋಟ್ ಮುಗಿದು, ಹಂಚಲು ಬೇರೆಯವರೂ ಇಲ್ಲದಿದ್ದಾಗ ಎರಡು ವೇಳಾಪಟ್ಟಿಗಳನ್ನು ಮೇಲಧಿಕಾರಿಗಳ ಮುಂದಿಡುತ್ತೇನೆ: ಒಂದರಲ್ಲಿ ಕೊನೆಯ ದಿನಾಂಕ ಮುಂದಕ್ಕೆ ಹೋಗಿರುತ್ತದೆ, ಇನ್ನೊಂದರಲ್ಲಿ ಕೆಲಸದ ವ್ಯಾಪ್ತಿ ಕಡಿಮೆಯಾಗಿರುತ್ತದೆ. ಒಬ್ಬರಿಗೆ ವಾರಕ್ಕೆ 45 ಗಂಟೆ ಹೊರಿಸುವ ಮೂರನೆಯ ಪಟ್ಟಿಯನ್ನು ನಾನು ಸಿದ್ಧಪಡಿಸುವುದಿಲ್ಲ.